ತೂಕ ಇಳಿಯದಿದ್ರೂ ವಾಕಿಂಗ್ ಬಿಡಬೇಡಿ!

ಬೆಳಗ್ಗೆ ಐದೂವರೆಗೆ ಅಲಾರಂ ಇಟ್ಟು, ಹಾಲಿನ ಪ್ಯಾಕೆಟ್ ಬರುವ ಮುಂಚೆಯೇ ಮನೆಯಿಂದ ಹೊರಬಿದ್ದು, ಪಾರ್ಕಿನಲ್ಲಿ ಆರು ಸುತ್ತು ಹಾಕಿ ಬರ್ತೀರಿ. ಸಿಹಿ ಬಿಟ್ಟಿದ್ದೀರಿ. ರಾತ್ರಿ ಅನ್ನದ ಬದಲು ಎರಡು ಚಪಾತಿ. ಎರಡು ತಿಂಗಳು ಹೀಗೆ ಕಳೆದ ಮೇಲೆ ತೂಕದ ಯಂತ್ರದ ಮೇಲೆ ನಿಂತರೆ ಅದು ತೋರಿಸೋದು ಬರೀ ಒಂದು ಕೆ.ಜಿ. ವ್ಯತ್ಯಾಸ! ಕೆಲವರಿಗೆ ಅದೂ ಇಲ್ಲ. ‘ಇಷ್ಟೆಲ್ಲ ಒದ್ದಾಡಿದ್ದು ಇದಕ್ಕೇನಾ? ನನ್ನ ಮೈಯೇ ಹೀಗೆ, ನೀರು ಕುಡಿದರೂ ದಪ್ಪ ಆಗ್ತೀನಿ’ ಅಂತ ಬೇಜಾರು ಮಾಡಿಕೊಂಡು ಶೂ ಮೂಲೆಗೆ ಹಾಕಿಬಿಡ್ತೀರಿ. ಜನವರಿ ಒಂದರಂದು ಪಾರ್ಕಿನಲ್ಲಿ ಕಾಣುವ ಹೊಸ ಮುಖಗಳಲ್ಲಿ ಎಷ್ಟೋ ಮುಖ ಶಿವರಾತ್ರಿ ಹೊತ್ತಿಗೆ ಮಾಯವಾಗೋದು ಹೀಗೇ.

ಶೂ ಎತ್ತಿಡುವ ಮುಂಚೆ ಒಂದು ವಿಷಯ ತಿಳಿದುಕೊಳ್ಳಿ. ಆ ಎರಡು ತಿಂಗಳಲ್ಲಿ ನಿಮ್ಮ ಮೈಯೊಳಗೆ ಒಂದು ದೊಡ್ಡ ಕೆಲಸ ಆಗಿದೆ. ಅದು ತೂಕದ ಯಂತ್ರಕ್ಕೆ ಗೊತ್ತಾಗೋಲ್ಲ, ಕನ್ನಡಿಯಲ್ಲಿ ಕಾಣಿಸೋಲ್ಲ. ನಿಮ್ಮ ರಕ್ತನಾಳಗಳು ಮತ್ತೆ ಮೆದುವಾಗತೊಡಗಿವೆ. ದಪ್ಪ ಇರುವವರಿಗೆ ಹೃದಯಾಘಾತ, ಪಾರ್ಶ್ವವಾಯುವಿನ ಭಯ ಹೆಚ್ಚು ಅಂತ ಡಾಕ್ಟರು ಹೇಳುವುದು ಮುಖ್ಯವಾಗಿ ಈ ರಕ್ತನಾಳಗಳು ಕೆಡುತ್ತವೆ ಅನ್ನೋ ಕಾರಣಕ್ಕೇ. ಹಾಗಿರುವಾಗ, ತೂಕ ಇಳಿಯೋ ಮೊದಲೇ ರಕ್ತನಾಳ ಸುಧಾರಿಸುತ್ತೆ ಅಂದರೆ ಅದು ಸಣ್ಣ ಲಾಭವೇ?

ರಕ್ತನಾಳ ಬರೀ ಪೈಪಲ್ಲ

ರಕ್ತನಾಳ ಅಂದ ಕೂಡಲೇ ನಮ್ಮ ಕಣ್ಮುಂದೆ ಬರೋದು ನಲ್ಲಿಯ ಪೈಪು. ಒಂದು ಕಡೆಯಿಂದ ಬಂತು, ಇನ್ನೊಂದು ಕಡೆ ಹೋಯ್ತು, ಅಷ್ಟೇ. ಆದರೆ ರಕ್ತನಾಳಕ್ಕೆ ಜೀವವಿದೆ. ನೀವು ಮೆಟ್ಟಿಲು ಹತ್ತುವಾಗ ಕಾಲಿಗೆ ಹೆಚ್ಚು ರಕ್ತ ಬೇಕು, ಆಗ ಅಲ್ಲಿಯ ನಾಳಗಳು ಹಿಗ್ಗುತ್ತವೆ. ಊಟವಾದ ಮೇಲೆ ಹೊಟ್ಟೆ, ಕರುಳಿನ ಕಡೆಯವು ಹಿಗ್ಗುತ್ತವೆ. ಕೆಲಸ ಮುಗಿದರೆ ಮತ್ತೆ ಕುಗ್ಗುತ್ತವೆ. ಈ ಹಿಗ್ಗು–ಕುಗ್ಗನ್ನು ನಿಭಾಯಿಸೋದರಲ್ಲಿ ನಾಳದ ಒಳಮೈಯಲ್ಲಿ ಹಾಸಿದಂತಿರುವ ಒಂದೇ ಒಂದು ಪದರ ಜೀವಕೋಶಗಳದ್ದು ದೊಡ್ಡ ಪಾತ್ರ. ಈರುಳ್ಳಿ ಹೆಚ್ಚುವಾಗ ಪದರಗಳ ನಡುವೆ ತೆಳ್ಳನೆಯ ಪೊರೆಯೊಂದು ಕೈಗೆ ಅಂಟುತ್ತಲ್ಲ, ಅದಕ್ಕಿಂತಲೂ ತೆಳು. ವೈದ್ಯರ ಭಾಷೆಯಲ್ಲಿ ಇದು ಎಂಡೋಥೀಲಿಯಂ. ನಾವು ಒಳಪೊರೆ ಅನ್ನೋಣ.

ಈ ಪೊರೆಗೆ ಇಷ್ಟು ಮಹತ್ವ ಇದೆ ಅಂತ ಗೊತ್ತಾಗಿದ್ದು ತೀರಾ ಇತ್ತೀಚೆಗೆ. 1980ರಲ್ಲಿ ಅಮೆರಿಕದ ವಿಜ್ಞಾನಿ ರಾಬರ್ಟ್ ಫರ್ಶ್‌ಗಾಟ್ ಮೊಲದ ರಕ್ತನಾಳದ ತುಂಡುಗಳ ಮೇಲೆ ಪ್ರಯೋಗ ಮಾಡ್ತಾ ಒಂದು ವಿಚಿತ್ರ ಕಂಡರು. ಒಳಪೊರೆ ಉಜ್ಜಿಹೋಗಿದ್ದ ತುಂಡು ಔಷಧಿ ಹಾಕಿದರೂ ಸಡಿಲವಾಗುತ್ತಿರಲಿಲ್ಲ. ಪೊರೆ ಉಳಿದಿದ್ದ ತುಂಡು ಚೆನ್ನಾಗಿ ಸಡಿಲಗೊಳ್ಳುತ್ತಿತ್ತು. ಅಂದರೆ ‘ಸಡಿಲವಾಗು’ ಅನ್ನೋ ಸಂದೇಶ ಹೊರಡುವುದೇ ಈ ಪೊರೆಯಿಂದ. ಆ ಸಂದೇಶ ಹೊತ್ತು ಹೋಗುವ ವಸ್ತು ನೈಟ್ರಿಕ್ ಆಕ್ಸೈಡ್ ಎಂಬ ಅನಿಲ ಅಂತ ಮುಂದೆ ಗೊತ್ತಾಯಿತು. 1998ರಲ್ಲಿ ಫರ್ಶ್‌ಗಾಟ್, ಲೂಯಿ ಇಗ್ನಾರೊ ಮತ್ತು ಫೆರಿಡ್ ಮುರಾದ್ ಈ ಮೂವರಿಗೂ ನೊಬೆಲ್ ಸಿಕ್ಕಿತು.

ಇಲ್ಲೊಂದು ತಮಾಷೆಯಿದೆ. ಎದೆನೋವು ಬಂದವರು ನಾಲಿಗೆಯ ಕೆಳಗೆ ಪುಟ್ಟ ಮಾತ್ರೆ ಇಟ್ಟುಕೊಳ್ಳೋದನ್ನ ನೀವು ನೋಡಿರಬಹುದು. ಆ ಮಾತ್ರೆ ಕೆಲಸ ಮಾಡುವುದೂ ಇದೇ ನೈಟ್ರಿಕ್ ಆಕ್ಸೈಡ್ ಮೂಲಕ. ಅದೇ ಜಾತಿಯ ನೈಟ್ರೋಗ್ಲಿಸರಿನ್‌ನಿಂದ ಡೈನಮೈಟ್ ಮಾಡಿ ಶ್ರೀಮಂತರಾದವರು ಆಲ್ಫ್ರೆಡ್ ನೊಬೆಲ್. ಕೊನೆಗಾಲದಲ್ಲಿ ಅವರ ಹೃದಯಕ್ಕೆ ವೈದ್ಯರು ಬರೆದುಕೊಟ್ಟ ಔಷಧಿಯೂ ಅದೇ ನೈಟ್ರೋಗ್ಲಿಸರಿನ್!

ಆರೋಗ್ಯವಾಗಿರುವ ಒಳಪೊರೆ ಈ ಅನಿಲವನ್ನು ತಾನೇ ತಯಾರಿಸಿಕೊಳ್ಳುತ್ತೆ. ಅದರಿಂದ ನಾಳ ಮೆದುವಾಗಿರುತ್ತೆ, ಬಿ.ಪಿ. ಹಿಡಿತದಲ್ಲಿರುತ್ತೆ, ರಕ್ತ ಸುಮ್ಮಸುಮ್ಮನೆ ಹೆಪ್ಪುಗಟ್ಟೋಲ್ಲ, ಕೊಲೆಸ್ಟ್ರಾಲ್ ಸುಲಭವಾಗಿ ಗೋಡೆಯೊಳಗೆ ನುಸುಳೋಲ್ಲ.

ಹೊಟ್ಟೆಯ ಬೊಜ್ಜು ಮಾಡುವ ಕಿತಾಪತಿ

ಬೊಜ್ಜು ಅಂದರೆ ಮೈಯಲ್ಲಿ ಸುಮ್ಮನೆ ಶೇಖರವಾದ ಎಣ್ಣೆ ಡಬ್ಬ ಅಂದುಕೊಂಡಿದ್ದೇವೆ. ಅದರಲ್ಲೂ ಹೊಟ್ಟೆಯೊಳಗೆ, ಕರುಳು–ಯಕೃತ್ತಿನ ಸುತ್ತ ಕೂರುವ ಬೊಜ್ಜು ಸುಮ್ಮನೆ ಕೂರುವುದೇ ಇಲ್ಲ. ಅದು ರಕ್ತಕ್ಕೆ ಉರಿಯೂತ ಉಂಟುಮಾಡುವ ರಾಸಾಯನಿಕಗಳನ್ನು ಸುರಿಸುತ್ತಲೇ ಇರುತ್ತೆ. ಗಾಯವಾದ ಜಾಗ ಕೆಂಪಾಗಿ ಊದಿಕೊಳ್ಳುತ್ತಲ್ಲ, ಹಾಗೆ ಸಣ್ಣ ಮಟ್ಟದಲ್ಲಿ, ವರ್ಷಗಟ್ಟಲೆ, ನೋವೇ ಇಲ್ಲದೆ ಒಳಪೊರೆ ಬಾಧೆಪಡುತ್ತೆ. ಇನ್ಸುಲಿನ್ ಕೂಡ ಒಳಪೊರೆಗೆ ‘ನೈಟ್ರಿಕ್ ಆಕ್ಸೈಡ್ ಬಿಡು’ ಅಂತ ಹೇಳುವ ಹಾರ್ಮೋನು. ಬೊಜ್ಜಿನಿಂದಾಗಿ ಮೈ ಇನ್ಸುಲಿನ್ ಮಾತು ಕೇಳದಾದಾಗ ಆ ದಾರಿಯೂ ಮುಚ್ಚುತ್ತೆ.

ಆಗ ಏನಾಗುತ್ತೆ? ಕುಕ್ಕರಿನ ಹೊಸ ಗ್ಯಾಸ್ಕೆಟ್ಟನ್ನೂ ಹಳೆಯದನ್ನೂ ಕೈಯಲ್ಲಿ ಹಿಡಿದು ನೋಡಿ. ಹೊಸದು ಎಳೆದರೆ ಹಿಗ್ಗುತ್ತೆ, ಬಿಟ್ಟರೆ ಸರಿಹೋಗುತ್ತೆ. ಹಳೆಯದು ಗಟ್ಟಿಯಾಗಿ ಕೂತಿರುತ್ತೆ. ರಕ್ತನಾಳವೂ ಹೀಗೇ ಬಿಗಿಯುತ್ತೆ. ಹೃದಯ ಅದೇ ರಕ್ತವನ್ನು ತಳ್ಳೋಕೆ ಹೆಚ್ಚು ಒತ್ತಡ ಹಾಕಬೇಕು. ಕೊಬ್ಬು ಗೋಡೆಯೊಳಗೆ ಸೇರಿಕೊಂಡು ಗಂಟು ಕಟ್ಟತೊಡಗುತ್ತೆ. ಗ್ಯಾಸ್ಕೆಟ್ ಆದರೆ ಅಂಗಡಿಯಿಂದ ಹೊಸದು ತರಬಹುದು.

ಅಂದಹಾಗೆ, ‘ನಾನೇನು ಅಷ್ಟು ದಪ್ಪ ಇಲ್ಲಪ್ಪ’ ಅನ್ನುವವರಿಗೆ ಒಂದು ಮಾತು. ಭಾರತೀಯರಿಗೆ ಸ್ವಲ್ಪ ಬೊಜ್ಜೇ ಹೆಚ್ಚು ಹಾನಿ ಮಾಡುತ್ತೆ ಅಂತ ಇಲ್ಲಿನ ತಜ್ಞರು 2009ರಲ್ಲೇ ಮಿತಿಯನ್ನು ಇಳಿಸಿದರು. ಬಿಎಂಐ 23 ದಾಟಿದರೆ ತೂಕ ಹೆಚ್ಚು, 25 ದಾಟಿದರೆ ಬೊಜ್ಜು ಅಂತ ಲೆಕ್ಕ. ಐದು ಅಡಿ ಎರಡು ಅಂಗುಲ ಎತ್ತರದ ಹೆಂಗಸಿಗೆ 57 ಕೆ.ಜಿ. ಮೇಲೆ ಎಚ್ಚರಿಕೆ, 62 ಕೆ.ಜಿ. ಮೇಲೆ ಬೊಜ್ಜು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ನಗರಗಳಲ್ಲಿ ಮೂವರು ಹೆಂಗಸರಲ್ಲಿ ಒಬ್ಬರು ಬಿಎಂಐ 25 ದಾಟಿದವರು. ಸೊಂಟದ ಸುತ್ತಳತೆ 80 ಸೆಂ.ಮೀ., ಅಂದರೆ ಮೂವತ್ತೊಂದೂವರೆ ಅಂಗುಲ ದಾಟಬಾರದು. ಅಳೆಯಬೇಕಾದ್ದು ಲಂಗದ ಲಾಡಿ ಕಟ್ಟುವ ಜಾಗದಲ್ಲಲ್ಲ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ, ಉಸಿರು ಬಿಟ್ಟಾಗ, ಹೊಟ್ಟೆ ಒಳಗೆಳೆದುಕೊಳ್ಳದೆ! ಟೇಲರ್ ಟೇಪು ಮನೆಯಲ್ಲೇ ಇರುತ್ತಲ್ಲ.

ನಡೆದಾಗ ಒಳಗೆ ನಡೆಯೋದೇನು?

ನೀವು ಚುರುಕಾಗಿ ನಡೆದಾಗ ಹೃದಯ ಜೋರಾಗಿ ಬಡಿಯುತ್ತೆ, ರಕ್ತ ರಭಸದಿಂದ ಹರಿಯುತ್ತೆ. ಹರಿಯುವಾಗ ಒಳಪೊರೆಯನ್ನು ಸವರಿಕೊಂಡು ಹೋಗುತ್ತೆ. ಆ ಸವರುವಿಕೆಯೇ ಒಳಪೊರೆಗೆ ಎಚ್ಚರದ ಕರೆ. ಅದು ಕೂಡಲೇ ನೈಟ್ರಿಕ್ ಆಕ್ಸೈಡ್ ಬಿಡುತ್ತೆ, ನಾಳ ಹಿಗ್ಗುತ್ತೆ. ದಿನಾ ಹೀಗೆ ಆಗ್ತಾ ಬಂದರೆ ಅದನ್ನು ತಯಾರಿಸುವ ಕಿಣ್ವವನ್ನೇ ಮೈ ಹೆಚ್ಚಿಸಿಕೊಳ್ಳುತ್ತೆ. ನಡೆಯೋದು ಕಾಲು, ಆದರೆ ಲಾಭ ಕೈಯ ರಕ್ತನಾಳಕ್ಕೂ ಹೃದಯದ ರಕ್ತನಾಳಕ್ಕೂ ಸಿಗುತ್ತೆ.

ಇದನ್ನು ಅಳೆದೂ ನೋಡಿದ್ದಾರೆ. ತೋಳಿಗೆ ಬಿ.ಪಿ. ನೋಡುವಂಥದೇ ಪಟ್ಟಿ ಸುತ್ತಿ ಐದು ನಿಮಿಷ ಬಿಗಿಯಾಗಿ ಹಿಡಿದು, ಆಮೇಲೆ ಬಿಡ್ತಾರೆ. ರಕ್ತ ನುಗ್ಗಿ ಬಂದಾಗ ತೋಳಿನ ನಾಳ ಎಷ್ಟು ಹಿಗ್ಗಿತು ಅಂತ ಸ್ಕ್ಯಾನಿಂಗ್‌ನಲ್ಲಿ ಅಳೀತಾರೆ. (ಇದು ಸಂಶೋಧಕರ ಪರೀಕ್ಷೆ. ಲ್ಯಾಬಿಗೆ ಹೋಗಿ ‘ನನಗೂ ಮಾಡಿ’ ಅನ್ನಬೇಕಾಗಿಲ್ಲ.) ಆಸ್ಟ್ರೇಲಿಯಾದ ಪರ್ತ್ ನಗರದ ಸಂಶೋಧಕರು 2004ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಬೊಜ್ಜಿದ್ದ ಹದಿಹರೆಯದವರ ಮೇಲೆ ನಡೆದದ್ದು. ಶುರುವಿನಲ್ಲಿ ಅವರ ನಾಳಗಳು ತೆಳ್ಳಗಿದ್ದ ಓರಗೆಯವರ ನಾಳಗಳಷ್ಟು ಹಿಗ್ಗುತ್ತಿರಲಿಲ್ಲ. 8 ವಾರ ವ್ಯಾಯಾಮ ಮಾಡಿಸಿದ ಮೇಲೆ ಹೆಚ್ಚುಕಡಿಮೆ ಅವರಷ್ಟೇ ಹಿಗ್ಗತೊಡಗಿದವು. ಹೊಟ್ಟೆಯ ಕೊಬ್ಬು ಸ್ವಲ್ಪ ಕರಗಿತ್ತು, ಆದರೆ ಮೈತೂಕ ಇಳಿದಿರಲಿಲ್ಲ!

ಇದಕ್ಕಿಂತ ನನಗೆ ಇಷ್ಟವಾದದ್ದು ಲಂಡನ್ ಬಸ್ಸಿನ ಕಥೆ. ಅಲ್ಲಿನ ಡಾ. ಜೆರ್ರಿ ಮಾರಿಸ್ ಡಬಲ್ ಡೆಕ್ಕರ್ ಬಸ್ಸುಗಳ ಡ್ರೈವರ್ ಮತ್ತು ಕಂಡಕ್ಟರುಗಳ ಆರೋಗ್ಯವನ್ನು ಹೋಲಿಸಿ ನೋಡಿದರು. ಒಂದೇ ಬಸ್ಸು, ಒಂದೇ ಥರದ ಮನೆತನ, ಹೆಚ್ಚುಕಡಿಮೆ ಒಂದೇ ಸಂಬಳ. ಒಬ್ಬ ದಿನವಿಡೀ ಕೂತಿರ್ತಾನೆ, ಇನ್ನೊಬ್ಬ ದಿನಕ್ಕೆ ನೂರಾರು ಮೆಟ್ಟಿಲು ಹತ್ತಿಳಿದು ಟಿಕೆಟ್ ಕೊಡ್ತಾನೆ. 1953ರಲ್ಲಿ ಫಲಿತಾಂಶ ಪ್ರಕಟವಾದಾಗ ಕಂಡಕ್ಟರುಗಳಲ್ಲಿ ಹೃದಯದ ಕಾಯಿಲೆ ಕಡಿಮೆ ಇತ್ತು. ‘ಡ್ರೈವರುಗಳು ದಪ್ಪ, ಅದಕ್ಕೇ’ ಅಂತ ಕೆಲವರು ತಗಾದೆ ತೆಗೆದರು. ಮಾರಿಸ್ ತಂಡ ಏನು ಮಾಡಿತು ಗೊತ್ತೇ? ಬಸ್ ಕಂಪನಿ ಹೊಲಿಸಿಕೊಟ್ಟ ಯೂನಿಫಾರ್ಮ್ ಪ್ಯಾಂಟುಗಳ ಸೊಂಟದ ಅಳತೆಯನ್ನೇ ತರಿಸಿಕೊಂಡಿತು! ಡ್ರೈವರುಗಳ ಸೊಂಟ ದಪ್ಪಗಿದ್ದದ್ದು ನಿಜ. ಆದರೆ ತೆಳ್ಳಗಿದ್ದ ಕಂಡಕ್ಟರ್ ಇರಲಿ, ಡೊಳ್ಳುಹೊಟ್ಟೆಯ ಕಂಡಕ್ಟರ್ ಇರಲಿ, ಅಷ್ಟೇ ಸೊಂಟದ ಡ್ರೈವರಿಗಿಂತ ಹಠಾತ್ ಹೃದಯಾಘಾತದ ಅಪಾಯ ಅವನಿಗೆ ಕಡಿಮೆಯೇ ಇತ್ತು. ಇವರೆಲ್ಲ ಗಂಡಸರು, ಅದು ಬೇರೆ ಕಾಲ. ಆದರೂ ಈ ಲೆಕ್ಕ ಹೇಳುವ ಮಾತನ್ನು ಮುಂದೆ ಬಂದ ಎಷ್ಟೋ ಅಧ್ಯಯನಗಳು ಹೆಂಗಸರಲ್ಲೂ ಕಂಡಿವೆ.

ಹಾಗಂತ ‘ತೂಕ ಎಷ್ಟಿದ್ದರೂ ಪರವಾಗಿಲ್ಲ’ ಅಂತ ಅಂದುಕೊಳ್ಳಬೇಡಿ. 80 ಕೆ.ಜಿ. ಇದ್ದವರು ನಾಲ್ಕೈದು ಕೆ.ಜಿ. ಇಳಿಸಿದರೂ ಬಿ.ಪಿ., ಶುಗರ್ ಎರಡೂ ಸುಧಾರಿಸುತ್ತವೆ. ಆದರೆ ತೂಕ ಇಳಿಸೋದರಲ್ಲಿ ದೊಡ್ಡ ಪಾಲು ಅಡುಗೆಮನೆಯದ್ದು. ಅರ್ಧ ಗಂಟೆ ನಡೆದು ಕರಗಿಸಿದ್ದನ್ನ ವಾಕಿಂಗ್ ಮುಗಿಸಿ ದರ್ಶಿನಿಯಲ್ಲಿ ತಿನ್ನುವ ಒಂದು ಉದ್ದಿನವಡೆ ಬಹುಮಟ್ಟಿಗೆ ವಾಪಸ್ ತುಂಬಿಬಿಡುತ್ತೆ. ನಡಿಗೆಯ ಫಲವನ್ನು ತೂಕದ ಯಂತ್ರದಲ್ಲಿ ಹುಡುಕಬೇಡಿ. ಲಂಗದ ಲಾಡಿ ಎಷ್ಟು ಸಡಿಲವಾಯ್ತು, ಎರಡನೇ ಮಹಡಿ ಹತ್ತಿದಾಗ ಏದುಸಿರು ಕಡಿಮೆಯಾಯ್ತಾ, ಬಿ.ಪಿ. ಎಷ್ಟಿದೆ, ಇದನ್ನು ನೋಡಿ. ಬಿ.ಪಿ. ಹೆಚ್ಚಿರುವವರಲ್ಲಿ ನಿಯಮಿತ ವ್ಯಾಯಾಮದಿಂದ ಮೇಲಿನ ಅಂಕಿ ಸಾಮಾನ್ಯವಾಗಿ 5ರಿಂದ 8ರಷ್ಟು ಇಳಿಯುತ್ತೆ.

‘ಮನೆಕೆಲಸ ಸಾಲದೇ?’

ಈ ಪ್ರಶ್ನೆ ಬಂದೇ ಬರುತ್ತೆ. ‘ಬೆಳಗಿನಿಂದ ರಾತ್ರಿವರೆಗೂ ನಿಂತೇ ಇರ್ತೀನಿ, ಇನ್ನೆಂಥ ವ್ಯಾಯಾಮ ರೀ?’ ಸುಸ್ತಾಗೋದು ನಿಜ. ಆದರೆ ಒಲೆಯ ಮುಂದೆ ಒಂದು ಗಂಟೆ ನಿಂತರೆ ಕಾಲು ಸೋಲುತ್ತೆ ಹೊರತು ರಕ್ತದ ರಭಸ ಹೆಚ್ಚೋಲ್ಲ. ರುಬ್ಬುಗುಂಡು ತಿರುಗಿಸಿ, ಬಾವಿಯಿಂದ ನೀರು ಸೇದಿ, ಬಟ್ಟೆ ಒಗೆಯುತ್ತಿದ್ದ ನಮ್ಮ ಅಜ್ಜಿಯರ ಮಾತು ಬೇರೆ. ಗ್ರೈಂಡರ್, ವಾಷಿಂಗ್ ಮಿಷನ್ ಬಂದ ಮೇಲೆ ಕೆಲಸ ಉಳಿಯಿತು, ಬೆವರು ಹೋಯಿತು. ಅವನ್ನು ಮಾರಿಬಿಡಿ ಅಂತ ನಾನಂತೂ ಹೇಳೋಲ್ಲ! ನೆಲ ಒರೆಸೋದು, ಮಾಳಿಗೆಗೆ ಬಟ್ಟೆ ಹೊತ್ತು ಹತ್ತೋದು ಚುರುಕಾಗಿ ಮಾಡಿದರೆ ಖಂಡಿತ ಲೆಕ್ಕಕ್ಕೆ ಬರುತ್ತೆ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೊರತಂದ ಸೂಚನೆಯ ಪ್ರಕಾರ ಒಂದೇ ಸಲ ಇಷ್ಟು ನಿಮಿಷ ಮಾಡಲೇಬೇಕೆಂಬ ಕಟ್ಟುಪಾಡಿಲ್ಲ. ವಾರಕ್ಕೆ ಒಟ್ಟು 150ರಿಂದ 300 ನಿಮಿಷ ಆದರೆ ಆಯ್ತು. ಅಂದರೆ ವಾರಕ್ಕೆ ಐದು ದಿನ, ದಿನಕ್ಕೆ ಅರ್ಧ ಗಂಟೆಯಿಂದ ಶುರುಮಾಡಿ. ಮಕ್ಕಳನ್ನು ಸ್ಕೂಲ್ ಬಸ್ಸಿಗೆ ಹತ್ತಿಸಿ ಹದಿನೈದು ನಿಮಿಷ, ಸಂಜೆ ತರಕಾರಿಗೆ ಹೋಗುವಾಗ ಹದಿನೈದು ನಿಮಿಷ ಮಾಡಿದರೂ ಸರಿಯೇ.

ಎಷ್ಟು ಜೋರು ನಡೆಯಬೇಕು? ಪಕ್ಕದಲ್ಲಿರುವವರ ಜತೆ ಮಾತಾಡೋಕೆ ಆಗಬೇಕು, ಆದರೆ ಹಾಡೋಕೆ ಆಗಬಾರದು. ಅಷ್ಟು. ನಾದಿನಿಯ ಮದುವೆ ಸೀರೆಯ ವಿಷಯವನ್ನು ಉಸಿರು ಹಿಡಿಯದೆ ಪೂರ್ತಿ ಹೇಳಿ ಮುಗಿಸ್ತಿದ್ದೀರಿ ಅಂದರೆ ನಿಮ್ಮ ವೇಗ ಸಾಲದು.

ಅರ್ಧ ಗಂಟೆ ಜೋರಾಗಿ ನಡೆಯೋಕೆ ಆಗದವರಿಗೆ ಜಪಾನಿನ ಮಾತ್ಸುಮೊಟೊ ನಗರದ ಉಪಾಯವೊಂದಿದೆ. ಅಲ್ಲಿನ ಸಂಶೋಧಕರು ನಡುವಯಸ್ಸು ದಾಟಿದವರಿಗೆ ಮೂರು ನಿಮಿಷ ಜೋರು ನಡಿಗೆ, ಮೂರು ನಿಮಿಷ ನಿಧಾನ, ಹೀಗೆ ಐದು ಸುತ್ತು, ವಾರಕ್ಕೆ ನಾಲ್ಕು ದಿನ ಮಾಡಿಸಿದರು. ಐದು ತಿಂಗಳಲ್ಲಿ ಒಂದೇ ವೇಗದಲ್ಲಿ ಸಾಧಾರಣವಾಗಿ ನಡೆದವರಿಗಿಂತ ಇವರ ತೊಡೆಯ ಬಲ ಹೆಚ್ಚಿತು, ಬಿ.ಪಿ. ಹೆಚ್ಚು ಇಳಿಯಿತು. 2007ರಲ್ಲಿ ಇದು ಪ್ರಕಟವಾಯಿತು. ಲಾಲ್‌ಬಾಗ್, ಕುಕ್ಕರಹಳ್ಳಿ ಕೆರೆ ಏರಿಯಂಥ ಕಡೆ ಇದು ಸಲೀಸು. ಗಡಿಯಾರ ನೋಡೋದು ಕಿರಿಕಿರಿಯಾದರೆ ‘ಆ ಮರದವರೆಗೆ ಜೋರು, ಈ ಬೆಂಚಿನವರೆಗೆ ನಿಧಾನ’ ಅಂತ ಇಟ್ಟುಕೊಳ್ಳಿ. ಮುಖ್ಯರಸ್ತೆಯ ಬದಿಯಲ್ಲಿ ಮಾತ್ರ ಬೇಡ. ವಾಹನದ ಹೊಗೆಯೂ ಇದೇ ಒಳಪೊರೆಯ ಶತ್ರು. ಯಜಮಾನರ ಸಿಗರೇಟು ಹೊಗೆಯೂ ಅಷ್ಟೇ, ಬಾಲ್ಕನಿಯಲ್ಲಿ ಸೇದಿದರೂ!

ವಾರಕ್ಕೆರಡು ದಿನ ಮಾಂಸಖಂಡಗಳಿಗೂ ಕೆಲಸ ಕೊಡಿ. ಕುರ್ಚಿಯಿಂದ ಕೈಯೂರದೆ ಹತ್ತು ಸಲ ಎದ್ದು ಕೂರೋದು, ಗೋಡೆಗೆ ಕೈಕೊಟ್ಟು ದಂಡ ಹೊಡೆಯೋದು, ಒಂದೊಂದು ಲೀಟರ್ ನೀರಿನ ಬಾಟಲಿ ಎತ್ತೋದು. ಉಸಿರು ಬಿಗಿಹಿಡಿಯಬೇಡಿ, ಬಿ.ಪಿ. ಏರುತ್ತೆ. ಕೂತೇ ಇರೋ ಅಭ್ಯಾಸ ಇನ್ನೊಂದು ಕಷ್ಟ. ಎರಡು–ಮೂರು ಗಂಟೆ ಅಲುಗದೆ ಟಿ.ವಿ., ಮೊಬೈಲ್ ಮುಂದೆ ಕೂತರೆ ಕಾಲಿನ ರಕ್ತದ ಹರಿವು ನಿಧಾನವಾಗಿ ಅಲ್ಲಿಯ ನಾಳಗಳು ಮಂಕಾಗುತ್ತವೆ. ಗಂಟೆಗೊಮ್ಮೆ ಎದ್ದು ಐದು ನಿಮಿಷ ಓಡಾಡಿದರೆ ಇದನ್ನು ತಪ್ಪಿಸಬಹುದು. ಧಾರಾವಾಹಿಯ ನಡುವೆ ಜಾಹೀರಾತು ಬರೋದು ಇದಕ್ಕೇ ಅಂದುಕೊಳ್ಳಿ. ಸೊಂಟ ನಡುಗಿಸುವ ಬೆಲ್ಟು, ಸ್ಲಿಮ್ಮಿಂಗ್ ಟೀ ಇವಕ್ಕೆಲ್ಲ ಹಣ ಹಾಕಬೇಡಿ. ಅದರ ಬದಲು ಒಂದು ಒಳ್ಳೆಯ ಶೂ ತಗೊಳ್ಳಿ.

ಮುಟ್ಟು ನಿಲ್ಲುವ ಹೊತ್ತಿಗೆ

ನಲವತ್ತರ ಆಸುಪಾಸಿನಲ್ಲಿರುವವರು ಇದನ್ನು ಗಮನವಿಟ್ಟು ಓದಿ. ಇಷ್ಟು ವರ್ಷ ನಿಮ್ಮ ರಕ್ತನಾಳಗಳಿಗೆ ಈಸ್ಟ್ರೋಜೆನ್ ಹಾರ್ಮೋನಿನ ರಕ್ಷಣೆ ಇತ್ತು. ಅದು ಒಳಪೊರೆಗೆ ನೈಟ್ರಿಕ್ ಆಕ್ಸೈಡ್ ತಯಾರಿಸಲು ನೆರವಾಗುತ್ತೆ. ಮುಟ್ಟು ನಿಂತ ಮೇಲೆ ಆ ರಕ್ಷಣೆ ಹೋಗುತ್ತೆ. ಅದೇ ಹೊತ್ತಿಗೆ ಬೊಜ್ಜು ತೊಡೆ–ನಿತಂಬ ಬಿಟ್ಟು ಹೊಟ್ಟೆಗೆ ಸೇರತೊಡಗುತ್ತೆ. ಮುಟ್ಟು ನಿಂತ ಎಷ್ಟೋ ವರ್ಷದ ನಂತರ ಶುರುಮಾಡಿದವರಲ್ಲಿ ಒಳಪೊರೆಯ ಸುಧಾರಣೆ ಗಂಡಸರಷ್ಟು ಚೆನ್ನಾಗಿ ಕಾಣಲಿಲ್ಲ ಅಂತ ಕೆಲವು ಅಧ್ಯಯನಗಳು ಹೇಳುತ್ತವೆ. ಬಿ.ಪಿ., ಶುಗರ್‌ಗೆ ಅವರಿಗೂ ಲಾಭ ಇದ್ದೇ ಇದೆ, ಆದ್ದರಿಂದ ಅರವತ್ತಾದ ಅತ್ತೆಯವರನ್ನೂ ಕರೆದುಕೊಂಡು ಹೋಗಿ. ಆದರೆ ನೀವು ‘ಮಗಳ ಮದುವೆ ಮುಗೀಲಿ, ಆಮೇಲೆ ನೋಡೋಣ’ ಅಂತ ಮುಂದೂಡಬೇಡಿ. ಬಸಿರಿನಲ್ಲಿ ಶುಗರ್ ಅಥವಾ ಬಿ.ಪಿ. ಏರಿದ್ದವರು, ಪಿಸಿಒಡಿ ಇರುವವರು ಇನ್ನೂ ಬೇಗ ಶುರುಮಾಡೋದು ಒಳ್ಳೇದು.

ಇನ್ನೊಂದು ವಿಷಯ. ಈ ಲಾಭ ಬ್ಯಾಂಕಿನ ಡಿಪಾಸಿಟ್ಟಿನ ಹಾಗೆ ಕೂಡಿಟ್ಟುಕೊಳ್ಳುವಂಥದ್ದಲ್ಲ. ಒಂದು ದಿನದ ನಡಿಗೆಯಿಂದ ಬಿ.ಪಿ. ಕೆಲವು ಗಂಟೆ ಇಳಿದಿರುತ್ತೆ. ಎಂಟು–ಹನ್ನೆರಡು ವಾರ ಮಾಡಿದರೆ ನಾಳದ ಮೆದುತನ ಸುಧಾರಿಸುತ್ತೆ. ಪೂರ್ತಿ ಬಿಟ್ಟರೆ ಕೆಲವೇ ವಾರಗಳಲ್ಲಿ ಗಳಿಸಿದ್ದು ಜಾರತೊಡಗುತ್ತೆ. ಹಬ್ಬ, ನೆಂಟರು, ಜ್ವರ ಅಂತ ನಾಲ್ಕು ದಿನ ತಪ್ಪಿದರೆ ತಲೆಕೆಡಿಸಿಕೊಳ್ಳಬೇಡಿ, ಐದನೇ ದಿನ ಹೊರಡಿ. ಮಳೆಗಾಲದಲ್ಲಿ ಅಪಾರ್ಟ್‌ಮೆಂಟಿನ ಕಾರಿಡಾರ್, ಪಾರ್ಕಿಂಗ್ ಜಾಗವಾದರೂ ಆದೀತು.

ಇವರು ಡಾಕ್ಟರನ್ನು ಕೇಳಿಯೇ ಹೊರಡಿ

ಬಿ.ಪಿ. 180/110ರಷ್ಟು ಏರಿರುವವರು, ಹೃದಯದ ತೊಂದರೆ ಮೊದಲೇ ಇರುವವರು, ಸ್ವಲ್ಪ ನಡೆದರೂ ಎದೆ ಹಿಡಿದಂತಾಗುವವರು, ಇನ್ಸುಲಿನ್ ತೆಗೆದುಕೊಳ್ಳುವವರು ಮೊದಲು ವೈದ್ಯರ ಸಲಹೆ ಪಡೆಯಬೇಕು. ಶುಗರ್ ಇರುವವರು ಬರಿಗಾಲಲ್ಲಿ ನಡೆಯಬೇಡಿ, ಬಂದ ಮೇಲೆ ಅಂಗಾಲು ನೋಡಿಕೊಳ್ಳಿ. ಮಂಡಿನೋವಿನವರು ಏರು–ತಗ್ಗು ಬಿಟ್ಟು ಸಮತಟ್ಟಾದ ಕಡೆ ಹತ್ತು ಹತ್ತು ನಿಮಿಷ ನಡೆಯಿರಿ. ಅದೂ ಆಗದಿದ್ದರೆ ನಿಂತಲ್ಲೇ ತುಳಿಯುವ ಸೈಕಲ್ ಆಗಬಹುದು. ಬಿ.ಪಿ. ಇಳೀತು ಅಂತ ನೀವೇ ಮಾತ್ರೆ ನಿಲ್ಲಿಸುವುದು ಮಾತ್ರ ಬೇಡವೇ ಬೇಡ. ಕಡಿಮೆ ಮಾಡಬೇಕೋ ಬೇಡವೋ ಅನ್ನೋದು ಡಾಕ್ಟರ ಕೆಲಸ.

ನಡೆಯುವಾಗ ಅಥವಾ ಸುಮ್ಮನಿದ್ದಾಗಲೇ ಎದೆ ಒತ್ತಿದಂತಾಗೋದು, ದವಡೆ, ಬೆನ್ನು, ಎಡಗೈಗೆ ನೋವು ಹರಿಯೋದು, ತಣ್ಣನೆ ಬೆವರು, ವಾಕರಿಕೆ, ಇದ್ದಕ್ಕಿದ್ದಂತೆ ವಿಪರೀತ ಸುಸ್ತು, ಉಸಿರುಕಟ್ಟೋದು ಆದರೆ ‘ಗ್ಯಾಸ್ಟ್ರಿಕ್ ಇರಬೇಕು’ ಅಂತ ಜೀರಿಗೆ ಕಷಾಯ ಕುಡಿದು ಮಲಗಬೇಡಿ. ಹೆಂಗಸರಲ್ಲಿ ಎದೆನೋವೇ ಇಲ್ಲದೆ ಬರೀ ಸುಸ್ತು, ವಾಕರಿಕೆಯಾಗಿಯೂ ಹೃದಯಾಘಾತ ಬರಬಹುದು. ಮನೆಯವರು ಆಫೀಸಿನಿಂದ ಬರಲಿ ಅಂತ ಕಾಯದೆ 108ಕ್ಕೆ ಫೋನ್ ಮಾಡಿ, ಇಲ್ಲವೇ ಪಕ್ಕದ ಮನೆಯವರನ್ನು ಕರೆದುಕೊಂಡು ಕೂಡಲೇ ಆಸ್ಪತ್ರೆಗೆ ಹೋಗಿ.